ಮೈನಸ್ ಚಳಿಯಲ್ಲಿ ಕೂಲಂಟ್ ಸೋರಿದರೆ: ಮನೆಯಲ್ಲೇ ಹುಡುಕಿ ಸರಿಮಾಡುವುದು ಹೇಗೆ?

ಕರ್ನಾಟಕದಲ್ಲಿ ಕಾರು ಓಡಿಸಿ ಅಭ್ಯಾಸವಾದವರಿಗೆ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಬೇಸಿಗೆಯ ತಲೆನೋವು. ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಪಕ್ಕಕ್ಕೆ ನಿಲ್ಲಿಸಿ, ಬಾನೆಟ್ ಎತ್ತಿ, ತಣ್ಣಗಾದ ಮೇಲೆ ಒಂದು ಬಾಟಲಿ ನೀರು ಸುರಿದರೆ ಹೇಗೋ ಮನೆ ಸೇರಬಹುದು. ಅಮೆರಿಕದ ಮಿನೆಸೋಟ, ಮಿಷಿಗನ್, ಕೆನಡಾದ ಒಂಟಾರಿಯೊ ಕಡೆ ಬಂದು ಜನವರಿಯಲ್ಲಿ ಇದೇ ಕೆಲಸ ಮಾಡಿದರೆ ಎಂಜಿನ್ನೇ ಹೋಗಬಹುದು. 2019ರ ಜನವರಿ 30ರಂದು ಮಿನೆಸೋಟದ ಮಿನಿಯಾಪೊಲಿಸ್‌ನಲ್ಲಿ ಮೈನಸ್ 33 ಡಿಗ್ರಿ ಸೆಲ್ಸಿಯಸ್ ಇತ್ತು. ನೀರು ಮಂಜುಗಡ್ಡೆಯಾಗುವಾಗ ಸುಮಾರು 9% ಹಿಗ್ಗುತ್ತದೆ. ಅದಕ್ಕೆ ಎರಕದ ಕಬ್ಬಿಣವೂ ಬಿರಿಯುತ್ತದೆ, ಅಲ್ಯೂಮಿನಿಯಂ ರೇಡಿಯೇಟರ್ ಅಂತೂ ಕೇಳುವುದೇ ಬೇಡ.

ಅದಕ್ಕೇ ಇಲ್ಲಿ ಎರಡು ಕೆಲಸ ಒಟ್ಟಿಗೆ ಆಗಬೇಕು. ಸೋರುವುದು ನಿಲ್ಲಬೇಕು. ಆಮೇಲೆ ಒಳಗಿರುವ ದ್ರವ ನಿಮ್ಮ ಊರಿನ ಚಳಿಗೆ ಹೆಪ್ಪುಗಟ್ಟದಂತೆ ಇರಬೇಕು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆಯುವವರೇ ಜಾಸ್ತಿ.

ಉದಾಹರಣೆಗೆ ಇಲ್ಲಿ ಇಟ್ಟುಕೊಂಡಿರುವುದು ಹತ್ತು-ಹನ್ನೆರಡು ವರ್ಷ ಹಳೆಯ ಒಂದು ಚಿಕ್ಕ ಸೆಡಾನ್. ಒಟ್ಟು ಆರು ಲೀಟರ್ ಕೂಲಂಟ್ ಹಿಡಿಯುತ್ತದೆ ಎಂದುಕೊಳ್ಳೋಣ. ರೇಡಿಯೇಟರ್ ಪೈಪ್ ಅಥವಾ ಅದರ ಕ್ಲ್ಯಾಂಪ್ (ಪೈಪನ್ನು ಬಿಗಿಯಾಗಿ ಹಿಡಿಯುವ ಪಟ್ಟಿ) ಹತ್ತಿರ ಸೋರುತ್ತಿದೆ. ಚಳಿಗಾಲದಲ್ಲಿ ಹೆಚ್ಚಾಗಿ ಕಾಣುವ ತೊಂದರೆ ಇದು. ಮನೆಯಲ್ಲೇ ಧೈರ್ಯವಾಗಿ ಮಾಡಬಹುದಾದ ರಿಪೇರಿಯೂ ಇದೇ.

ಚಳಿಯ ಸೋರಿಕೆ ಬೇರೆ ಥರ

ಬೇಸಿಗೆಯಲ್ಲಿ ಕೂಲಂಟ್ ಸೋರುವುದು ಸಾಮಾನ್ಯವಾಗಿ ಎಂಜಿನ್ ಬಿಸಿಯಾಗಿ ಒತ್ತಡ ಏರಿದಾಗ. ಚಳಿಗಾಲದಲ್ಲಿ ಎಷ್ಟೋ ಸಲ ಇದರ ಉಲ್ಟಾ ನಡೆಯುತ್ತದೆ. ರಾತ್ರಿಯಿಡೀ ಹೊರಗೆ ನಿಂತ ಕಾರಿನ ರಬ್ಬರ್ ಪೈಪ್ ಗಟ್ಟಿಯಾಗುತ್ತದೆ. ಪೈಪ್ ಕೂರುವ ಪ್ಲಾಸ್ಟಿಕ್ ಅಥವಾ ಲೋಹದ ಮೂತಿ ಕುಗ್ಗುತ್ತದೆ. ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಮಧ್ಯೆ ಕೂದಲೆಳೆಯಷ್ಟು ಸಂದಿ ಬೀಳುತ್ತದೆ, ಅಲ್ಲಿಂದ ಹನಿ ಜಿನುಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಹದಿನೈದು ನಿಮಿಷ ಓಡಿಸಿದರೆ ರಬ್ಬರ್ ಬೆಚ್ಚಗಾಗಿ ಹಿಗ್ಗುತ್ತದೆ, ಸಂದಿ ಮುಚ್ಚಿಕೊಳ್ಳುತ್ತದೆ. ಮೆಕ್ಯಾನಿಕ್ ಹತ್ತಿರ ತೆಗೆದುಕೊಂಡು ಹೋಗುವಷ್ಟರಲ್ಲಿ ಕಾರು ಬಿಸಿ. ಅವನು ನೋಡಿ "ಏನೂ ಸೋರುತ್ತಿಲ್ಲ" ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ನೀವೂ ಸುಳ್ಳು ಹೇಳುತ್ತಿಲ್ಲ.

ಹಾಗಾಗಿ ಹುಡುಕುವ ಕೆಲಸ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು. ಕಾರು ತಣ್ಣಗೆ ಕೊರೆಯುತ್ತಿರುವಾಗಲೇ ನೋಡಬೇಕು. ಮನೆಯಲ್ಲೇ ಮಾಡುವುದರ ದೊಡ್ಡ ಲಾಭವೂ ಅದೇ.

ಇನ್ನೊಂದು ಸೂಚನೆ ಹೀಟರ್ ಕೊಡುತ್ತದೆ. ಕೂಲಂಟ್ ಕಡಿಮೆಯಾದರೆ ಮೊದಲು ಗೊತ್ತಾಗುವುದು ಟೆಂಪರೇಚರ್ ಮುಳ್ಳಿನಿಂದಲ್ಲ, ಒಳಗೆ ಕೂತವರ ಕಾಲಿನಿಂದ. ಸಿಗ್ನಲ್‌ನಲ್ಲಿ ನಿಂತಾಗ ಹೀಟರ್ ತಣ್ಣನೆ ಗಾಳಿ ಬಿಟ್ಟು, ಹೊರಟಾಗ ಮತ್ತೆ ಬಿಸಿ ಗಾಳಿ ಕೊಟ್ಟರೆ ಒಳಗೆ ಗಾಳಿ ಸೇರಿದೆ ಅಥವಾ ಕೂಲಂಟ್ ಇಳಿದಿದೆ ಎಂದೇ ಮೊದಲು ಅನುಮಾನಿಸಿ.

ಕೈ ಹಾಕುವ ಮೊದಲು

ಬಿಸಿ ಎಂಜಿನ್‌ನ ರೇಡಿಯೇಟರ್ ಕ್ಯಾಪ್ ಯಾವತ್ತೂ ತೆರೆಯಬೇಡಿ. ಕ್ಯಾಪ್ ಒಳಗೆ 15 ಪಿಎಸ್‌ಐ (ಒತ್ತಡದ ಅಳತೆ) ಒತ್ತಡ ಇದ್ದರೆ ನೀರು, ಗ್ಲೈಕಾಲ್ ಅರ್ಧಕ್ಕರ್ಧ ಬೆರೆತ ಕೂಲಂಟ್ ಸುಮಾರು 129 ಡಿಗ್ರಿವರೆಗೂ ಕುದಿಯದೆ ಇರುತ್ತದೆ. ಕ್ಯಾಪ್ ತೆರೆದ ಕ್ಷಣ ಒತ್ತಡ ಬಿದ್ದು ಅದೆಲ್ಲ ಒಟ್ಟಿಗೆ ಕುದ್ದು ಮುಖಕ್ಕೆ ಹಾರುತ್ತದೆ. ಹೊರಗೆ ಮೈನಸ್ 20 ಇದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಮೇಲಿನ ಪೈಪ್ ಹಿಸುಕಿ ನೋಡಿ. ಮೆತ್ತಗಿದ್ದು, ಕೈಗೆ ತಣ್ಣಗೆ ತಾಗಿದರೆ ಮಾತ್ರ ಕ್ಯಾಪ್ ಮುಟ್ಟಿ.

ಎರಡನೆಯದು ಹೊಗೆ. ಚಳಿ ಅಂತ ಗ್ಯಾರೇಜ್ ಬಾಗಿಲು ಮುಚ್ಚಿಕೊಂಡು ಎಂಜಿನ್ ಓಡಿಸಿ ಪ್ರಾಣ ಕಳೆದುಕೊಂಡವರಿದ್ದಾರೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಣ್ಣಗಿನ ಎಂಜಿನ್ ಅದನ್ನು ಇನ್ನೂ ಜಾಸ್ತಿ ಬಿಡುತ್ತದೆ, ಏಕೆಂದರೆ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗುವವರೆಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಬಾಗಿಲು ತೆರೆದಿದ್ದರೆ ಸಾಕು ಅಂದುಕೊಳ್ಳಬೇಡಿ. ಬಿಚ್ಚುವುದು ಜೋಡಿಸುವುದು ಒಳಗೆ ಮಾಡಿ. ಎಂಜಿನ್ ಓಡಿಸುವಾಗ ಕಾರನ್ನು ಹೊರಗೆ ತಳ್ಳಿ. ಗ್ಯಾರೇಜ್ ಬೆಚ್ಚಗಿಡಲು ಸೀಮೆಎಣ್ಣೆ ಅಥವಾ ಪ್ರೊಪೇನ್ ಹೀಟರ್ ಇಟ್ಟರೂ ಇದೇ ಅಪಾಯವಿದೆ. ಕರೆಂಟಿನ ಹೀಟರ್ ಆದರೆ ಈ ಚಿಂತೆ ಇಲ್ಲ.

ಮೂರನೆಯದು ನಾಯಿ, ಬೆಕ್ಕು, ಚಿಕ್ಕ ಮಕ್ಕಳು. ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಕಿಡ್ನಿಯನ್ನು ಹಾಳುಮಾಡುತ್ತದೆ. ಪ್ರಾಣಿಗಳಿಗೆ ಸ್ವಲ್ಪವೇ ಸಾಕು. ನೆಕ್ಕಿದ್ದು ಗೊತ್ತಾದರೆ ಲಕ್ಷಣ ಕಾಣಲಿ ಅಂತ ಕಾಯದೆ ಆಸ್ಪತ್ರೆಗೆ ಓಡಿ. ನೆಲಕ್ಕೆ ಬಿದ್ದದ್ದನ್ನು ಬೆಕ್ಕಿನ ಮಲಮೂತ್ರದ ಟ್ರೇಗೆ ಹಾಕುವ ಮಣ್ಣಿನ ಹರಳು ಸುರಿದು ಹೀರಿಸಿ, ಗುಡಿಸಿ ಚೀಲಕ್ಕೆ ಕಟ್ಟಿ.

ಹಿಮಗಟ್ಟಿದ ಡ್ರೈವ್‌ವೇ ಮೇಲೆ ಜಾಕ್ ಏರಿಸುವುದಂತೂ ಬೇಡವೇ ಬೇಡ. ಜಾಕ್ ಜಾರುತ್ತದೆ. ಒಣ ಕಾಂಕ್ರೀಟ್ ಬೇಕು, ಹಿಂದಿನ ಚಕ್ರಕ್ಕೆ ಅಡ್ಡ ಬೇಕು, ಕಾರಿನ ಕೆಳಗೆ ಹೋಗುವುದಾದರೆ ಜಾಕ್ ಸ್ಟ್ಯಾಂಡ್ ಬೇಕು. ನನ್ನ ಮಟ್ಟಿಗೆ ಮೈನಸ್ 10ಕ್ಕಿಂತ ಕೆಳಗೆ, ಬಯಲಲ್ಲಿ, ಬಿಚ್ಚುವ ಕೆಲಸ ಮಾಡಬಾರದು. ಕೈ ಮರಗಟ್ಟುತ್ತದೆ, ಪ್ಲಾಸ್ಟಿಕ್ ಕೊಕ್ಕೆಗಳು ಮುಟ್ಟಿದರೆ ಮುರಿಯುತ್ತವೆ. ಗ್ಯಾರೇಜ್ ಇಲ್ಲದವರು ಸ್ನೇಹಿತರ ಗ್ಯಾರೇಜ್ ಒಂದು ಶನಿವಾರಕ್ಕೆ ಕೇಳಿಕೊಳ್ಳಿ. ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಬಿಚ್ಚುವ ಮೊದಲು ಬಾಡಿಗೆ ಕರಾರು ನೋಡಿ, ಬಹಳ ಕಡೆ ಅಲ್ಲಿ ರಿಪೇರಿಗೆ ಬಿಡುವುದಿಲ್ಲ.

ಎಲ್ಲಿ ಸೋರುತ್ತಿದೆ?

ರಾತ್ರಿ ಕಾರಿನ ಮೂತಿಯ ಕೆಳಗೆ ದೊಡ್ಡ ರಟ್ಟು ಹಾಸಿ. ಬೆಳಿಗ್ಗೆ ಕಲೆ ಎಲ್ಲಿದೆ ನೋಡಿ. ಬಣ್ಣವಿಲ್ಲದ, ವಾಸನೆಯಿಲ್ಲದ ಕಲೆ ಕರಗಿದ ಹಿಮದ್ದಿರಬಹುದು. ಗುಲಾಬಿ, ನೀಲಿ, ಹಸಿರು, ಕಿತ್ತಳೆ ಬಣ್ಣ ಇದ್ದು, ಬೆರಳಿಗೆ ಜಿಡ್ಡಾಗಿ, ಸಿಹಿ ವಾಸನೆ ಬಂದರೆ ಅದು ಕೂಲಂಟ್. ಮೂಸಿ ನೋಡಿ, ನಾಲಿಗೆಗೆ ತಾಗಿಸಬೇಡಿ.

ಆಮೇಲೆ ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬನ್ನಿ. ಹನಿ ಬಿದ್ದ ಜಾಗವೇ ಸೋರುವ ಜಾಗ ಅಲ್ಲ. ದ್ರವ ಪೈಪ್ ಉದ್ದಕ್ಕೂ ಹರಿದು ಎಲ್ಲೋ ತುದಿಯಲ್ಲಿ ತೊಟ್ಟಿಕ್ಕುತ್ತದೆ. ಒಣಗಿದ ಕೂಲಂಟ್ ಬಿಳಿ ಅಥವಾ ಗುಲಾಬಿ ಪುಡಿಯಾಗಿ ಅಂಟಿಕೊಂಡಿರುತ್ತದೆ. ಆ ಪುಡಿಯ ಅತಿ ಮೇಲಿನ ತುದಿ ಹುಡುಕಿ. ನೋಡಬೇಕಾದ ಜಾಗಗಳು ಇವು: ರೇಡಿಯೇಟರ್‌ನ ಮೇಲಿನ ಮತ್ತು ಕೆಳಗಿನ ಪೈಪ್‌ಗಳ ಎರಡೂ ತುದಿ, ಹೀಟರ್‌ಗೆ ಹೋಗುವ ಎರಡು ಸಣ್ಣ ಪೈಪ್, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ತೆರೆದು ಕೂಲಂಟನ್ನು ರೇಡಿಯೇಟರ್‌ಗೆ ಬಿಡುವ ಬಾಗಿಲು) ಕೂತಿರುವ ಗೂಡು, ರೇಡಿಯೇಟರ್‌ನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂಗೆ ಸೇರುವ ಅಂಚು, ಮತ್ತು ವಾಟರ್ ಪಂಪ್. ಪಂಪ್‌ನ ಕೆಳಗೆ ಒಂದು ಚಿಕ್ಕ ತೂತು ಇರುತ್ತದೆ. ಒಳಗಿನ ಸೀಲ್ ಸವೆದರೆ ಅಲ್ಲಿಂದ ಹನಿ ಬರಲಿ ಅಂತಲೇ ಅದನ್ನು ಬಿಟ್ಟಿರುತ್ತಾರೆ. ಅದನ್ನು ಮುಚ್ಚಲು ಹೋಗಬೇಡಿ, ಪಂಪ್ ಬದಲಿಸಬೇಕು ಎಂದು ಅದರ ಅರ್ಥ.

ಕಣ್ಣಿಗೆ ಸಿಗದಿದ್ದರೆ ಪ್ರೆಶರ್ ಟೆಸ್ಟರ್ ಬೇಕು. ಕೊಳ್ಳಬೇಕಾಗಿಲ್ಲ. ಅಮೆರಿಕದಲ್ಲಿ ಆಟೋಝೋನ್, ಓರೈಲಿ ಥರದ ಬಿಡಿಭಾಗದ ಅಂಗಡಿಗಳು ಠೇವಣಿ ಇಟ್ಟುಕೊಂಡು ಇದನ್ನು ಕೊಡುತ್ತವೆ, ವಾಪಸ್ ಕೊಟ್ಟಾಗ ಹಣ ಮರಳಿಸುತ್ತವೆ. ತಣ್ಣಗಿರುವ ಎಂಜಿನ್‌ಗೆ ಕ್ಯಾಪ್ ಜಾಗದಲ್ಲಿ ಇದನ್ನು ಕೂರಿಸಿ ಕೈಯಲ್ಲಿ ಪಂಪ್ ಮಾಡಬೇಕು. ಎಷ್ಟು ಒತ್ತಡ? ನಿಮ್ಮ ಕ್ಯಾಪ್ ಮೇಲೆ ಬರೆದಿರುವಷ್ಟು. ಹೆಚ್ಚಿನವು 13ರಿಂದ 16 ಪಿಎಸ್‌ಐ ಒಳಗೆ ಇರುತ್ತವೆ. ಕೆಲವು ಕ್ಯಾಪ್ ಮೇಲೆ 1.1 ಬಾರ್ ಎಂದಿರುತ್ತದೆ, ಅದು 16 ಪಿಎಸ್‌ಐ. ಬರೆದದ್ದಕ್ಕಿಂತ ಮೇಲೆ ಹೋದರೆ ಚೆನ್ನಾಗಿದ್ದ ರೇಡಿಯೇಟರ್ ಕೂಡ ಒಡೆಯಬಹುದು. ಹದಿನೈದು ನಿಮಿಷ ಬಿಡಿ. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ, ಟಾರ್ಚ್ ಹಿಡಿದು ಹುಡುಕಿ. ಕಾರು ಹೊರಗೆ ನಿಂತು ಚೆನ್ನಾಗಿ ಕೊರೆದಿರುವಾಗಲೇ ಈ ಪರೀಕ್ಷೆ ಮಾಡಿ. ಬೆಚ್ಚಗಿನ ಗ್ಯಾರೇಜಿನಲ್ಲಿ ರಾತ್ರಿಯಿಡೀ ಇಟ್ಟು ಪರೀಕ್ಷಿಸಿದರೆ ಚಳಿಯ ಸೋರಿಕೆ ಮತ್ತೆ ತಪ್ಪಿಸಿಕೊಳ್ಳುತ್ತದೆ.

ಅಲ್ಟ್ರಾವಯೊಲೆಟ್ ಬಣ್ಣ ಇನ್ನೊಂದು ದಾರಿ. ಕೂಲಂಟ್‌ಗೆ ಸುರಿದು ಎರಡು ದಿನ ಓಡಾಡಿ, ಕತ್ತಲಲ್ಲಿ ನೇರಳೆ ಟಾರ್ಚ್ ಹಿಡಿದರೆ ಸೋರುವ ಜಾಗ ಹಳದಿ-ಹಸಿರಾಗಿ ಹೊಳೆಯುತ್ತದೆ. ಡಿಸೆಂಬರಿನಲ್ಲಿ ಮಿನಿಯಾಪೊಲಿಸ್‌ನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ಅದರಿಂದ ಏನಾದರೂ ಉಪಯೋಗ ಅಂದರೆ ಇದೊಂದೇ ಇರಬೇಕು.

ಮನೆಯಲ್ಲಿ ಕೈ ಹಾಕಬಾರದ ಸೋರಿಕೆಗಳೂ ಇವೆ. ಪ್ರಯಾಣಿಕರ ಕಡೆಯ ಕಾರ್ಪೆಟ್ ಒದ್ದೆ, ಗಾಜಿನ ಒಳಗೆ ಒರೆಸಿದರೂ ಹೋಗದ ಜಿಡ್ಡು ಮಂಜು, ಒಳಗೆಲ್ಲ ಸಿಹಿ ವಾಸನೆ ಇದ್ದರೆ ಅದು ಹೀಟರ್ ಕೋರ್, ಅಂದರೆ ಕೂಲಂಟ್ ಬಿಸಿಯಿಂದ ಹೀಟರ್ ಗಾಳಿಯನ್ನು ಕಾಯಿಸುವ ಭಾಗ. ಎಷ್ಟೋ ಕಾರುಗಳಲ್ಲಿ ಅದಕ್ಕೆ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಹೊರಗೆ ಎಲ್ಲೂ ಹನಿ ಇಲ್ಲದೆ ಕೂಲಂಟ್ ಇಳಿಯುತ್ತಿದ್ದರೆ, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಸಿಹಿ ವಾಸನೆಯ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ, ಟ್ಯಾಂಕಿನಲ್ಲಿ ಸತತ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲ್ಭಾಗದ ನಡುವಿನ ಸೀಲ್) ಹೋಗಿರಬಹುದು. ಚಳಿಯಲ್ಲಿ ಎಲ್ಲ ಕಾರೂ ಬಿಳಿ ಹೊಗೆ ಬಿಡುತ್ತದೆ, ಅದು ಬರೀ ಆವಿ. ಬಿಸಿಯಾದ ಮೇಲೂ ನಿಲ್ಲದಿದ್ದರೆ, ವಾಸನೆ ಇದ್ದರೆ ಮಾತ್ರ ಗಾಬರಿಯಾಗಿ. ಇವೆರಡಕ್ಕೂ ವರ್ಕ್‌ಶಾಪೇ ಗತಿ.

ಏನೇನು ತರಬೇಕು

ಹೊಸ ಪೈಪ್, ನಿಮ್ಮ ಕಾರಿನ ವರ್ಷ ಮತ್ತು ಎಂಜಿನ್‌ಗೆ ಸರಿಹೊಂದುವುದು. ಒಂದು ಪೈಪ್ ಹೋಗಿದ್ದರೆ ಅದೇ ವಯಸ್ಸಿನ ಇನ್ನೊಂದೂ ಬದಲಿಸಿಬಿಡಿ. ಹೊಸ ಕ್ಲ್ಯಾಂಪ್. ಕೂಲಂಟ್. ಡಿಸ್ಟಿಲ್ಡ್ ವಾಟರ್. ಹಿಡಿಯಲು ಹತ್ತು ಲೀಟರಿನ ಅಗಲವಾದ ಟ್ರೇ. ಕ್ಲ್ಯಾಂಪ್ ಇಕ್ಕಳ ಅಥವಾ ಸ್ಲಿಪ್ ಜಾಯಿಂಟ್ ಪ್ಲೈಯರ್. ನೈಟ್ರೈಲ್ ಗ್ಲೌಸ್, ಅದರ ಒಳಗೆ ತೆಳು ಉಣ್ಣೆ ಗ್ಲೌಸ್. ತಲೆಗೆ ಕಟ್ಟುವ ಟಾರ್ಚ್. ಇಷ್ಟರ ಜೊತೆ ಒಂದು ರಿಫ್ರ್ಯಾಕ್ಟೋಮೀಟರ್ ತೆಗೆದುಕೊಳ್ಳಿ. ಒಂದು ಹನಿ ಹಾಕಿ ಬೆಳಕಿಗೆ ಹಿಡಿದರೆ ಕೂಲಂಟ್ ಎಷ್ಟು ಡಿಗ್ರಿಗೆ ಹೆಪ್ಪುಗಟ್ಟುತ್ತದೆ ಎಂದು ತೋರಿಸುವ ಕೊಳವೆ ಅದು. ಚೆಂಡುಗಳು ತೇಲುವ ಅಗ್ಗದ ಪರೀಕ್ಷಕ ಕೂಡ ಸಿಗುತ್ತದೆ, ಆದರೆ ಚಳಿನಾಡಿನಲ್ಲಿ ಅದರ ಅಂದಾಜನ್ನು ನಂಬಿ ನಾನು ಮಲಗುವುದಿಲ್ಲ.

ಕ್ಲ್ಯಾಂಪ್ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ಕಂಪನಿಯಿಂದ ಬರುವುದು ಹೆಚ್ಚಾಗಿ ಸ್ಪ್ರಿಂಗ್ ಕ್ಲ್ಯಾಂಪ್. ನೋಡಲು ದುರ್ಬಲ ಅನ್ನಿಸುತ್ತದೆ, ಎಷ್ಟೋ ಜನ ಅದನ್ನು ಕಿತ್ತು ಸ್ಕ್ರೂ ತಿರುಗಿಸುವ ಕ್ಲ್ಯಾಂಪ್ ಹಾಕುತ್ತಾರೆ. ಬೇಸಿಗೆಯಲ್ಲಿ ಅದು ಸರಿಯಾಗೇ ಇರುತ್ತದೆ. ಚಳಿ ಬಂದು ರಬ್ಬರ್ ಕುಗ್ಗಿದಾಗ ಸ್ಕ್ರೂ ಕ್ಲ್ಯಾಂಪ್ ಇದ್ದ ಅಳತೆಯಲ್ಲೇ ನಿಲ್ಲುತ್ತದೆ, ಹಿಡಿತ ಸಡಿಲವಾಗುತ್ತದೆ. ಸ್ಪ್ರಿಂಗ್ ಕ್ಲ್ಯಾಂಪ್ ರಬ್ಬರಿನ ಜೊತೆಗೇ ಕುಗ್ಗುತ್ತದೆ. ಚಳಿಪ್ರದೇಶಕ್ಕೆ ಸ್ಪ್ರಿಂಗೇ ಸರಿ. ಸ್ಕ್ರೂ ಥರದ್ದೇ ಬೇಕು ಅಂದರೆ ಸ್ಪ್ರಿಂಗ್ ವಾಷರ್ ಕೂಡಿಸಿ ಒತ್ತಡ ಒಂದೇ ಸಮ ಇಡುವ ಬಗೆ ಸಿಗುತ್ತದೆ, ಅದನ್ನು ಕೊಳ್ಳಿ. ನಿಮ್ಮ ಕಾರಿನಲ್ಲಿ ಈಗಾಗಲೇ ಸಾಧಾರಣ ಸ್ಕ್ರೂ ಕ್ಲ್ಯಾಂಪ್ ಇದ್ದು, ಪೈಪ್ ಚೆನ್ನಾಗಿದ್ದರೆ, ಬರೀ ಕ್ಲ್ಯಾಂಪ್ ಬದಲಿಸಿದರೇ ಸೋರುವುದು ನಿಲ್ಲಬಹುದು. ಅದನ್ನು ಮೊದಲು ಪ್ರಯತ್ನಿಸಿ.

ಕೂಲಂಟ್ ಬಣ್ಣ ನೋಡಿ ಕೊಳ್ಳಬೇಡಿ. ಟೊಯೊಟಾದ್ದು ಗುಲಾಬಿ, ಹೋಂಡಾದ್ದು ನೀಲಿ, ಜನರಲ್ ಮೋಟರ್ಸ್‌ನ ಡೆಕ್ಸ್‌ಕೂಲ್ ಕಿತ್ತಳೆ. ಆದರೆ ಬೇರೆ ತಯಾರಕರು ಅದೇ ಬಣ್ಣದಲ್ಲಿ ಬೇರೆ ರಸಾಯನ ತುಂಬಿರಬಹುದು. ಹೊಂದದ ಎರಡು ಸೇರಿದರೆ ತುಕ್ಕು ತಡೆಯುವ ಗುಣ ಹೋಗುತ್ತದೆ, ಕೆಲವೊಮ್ಮೆ ಕೆಸರಿನಂತೆ ಗಟ್ಟಿಯಾಗಿ ಕೂರುತ್ತದೆ. ಕಾರಿನ ಕೈಪಿಡಿಯಲ್ಲಿ ಬರೆದ ಬಗೆಯನ್ನೇ ಕೇಳಿ. ಡಬ್ಬಿಯ ಮೇಲೆ ಇನ್ನೊಂದು ವಿಷಯ ಓದಿ: ಅದು ನೀರು ಬೆರೆಸಿ ಬಂದದ್ದೋ, ಅಪ್ಪಟವೋ? ಎರಡೂ ಒಂದೇ ಥರದ ಡಬ್ಬಿಯಲ್ಲಿ, ಒಂದೇ ಕಪಾಟಿನಲ್ಲಿ ಇರುತ್ತವೆ.

ಬಿಚ್ಚಿ, ಬದಲಿಸಿ

ಕಾರು ತಣ್ಣಗಿರಲಿ, ಆದರೆ ಕೊರೆಯುವಷ್ಟು ಬೇಡ. ಹುಡುಕುವುದಕ್ಕೆ ಕೊರೆಯುವ ಚಳಿ ಬೇಕು, ಬಿಚ್ಚುವುದಕ್ಕೆ ಬೇಡ. ಗ್ಯಾರೇಜಿನಲ್ಲಿ ಒಂದೆರಡು ಗಂಟೆ ನಿಂತು ಶೂನ್ಯಕ್ಕಿಂತ ಮೇಲೆ ಬಂದರೆ ಪ್ಲಾಸ್ಟಿಕ್ ಭಾಗಗಳು ಮಾತು ಕೇಳುತ್ತವೆ. ಹೊಸ ಪೈಪನ್ನು ಅಷ್ಟರವರೆಗೆ ಮನೆಯೊಳಗೇ ಇಟ್ಟಿರಿ. ಚಳಿಯಲ್ಲಿ ಗಟ್ಟಿಯಾದ ಪೈಪ್ ಮೂತಿಗೆ ಹತ್ತುವುದೇ ಇಲ್ಲ.

1. ಕೀ ತೆಗೆದು ದೂರ ಇಡಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಕೆಲವು ಕಾರುಗಳಲ್ಲಿ ಎಂಜಿನ್ ಆಫ್ ಇದ್ದರೂ ರೇಡಿಯೇಟರ್ ಫ್ಯಾನ್ ತಾನೇ ತಿರುಗಬಹುದು.

2. ಟ್ರೇ ಕೆಳಗಿಟ್ಟು ಕ್ಯಾಪ್ ತೆರೆಯಿರಿ. ಕೂಲಂಟ್ ಖಾಲಿ ಮಾಡಲು ರೇಡಿಯೇಟರ್ ಬುಡದಲ್ಲಿ ಪ್ಲಾಸ್ಟಿಕ್ ತಿರುಪು ಇರುತ್ತದೆ. ಹಳೆಯ ಕಾರಿನಲ್ಲಿ ಚಳಿಗೆ ಅದು ಗಾಜಿನಂತೆ. ಬೆರಳ ಬಲಕ್ಕೆ ತಿರುಗದಿದ್ದರೆ ಬಿಟ್ಟುಬಿಡಿ. ಅದು ಮುರಿದರೆ ಚಿಕ್ಕ ಕೆಲಸ ರೇಡಿಯೇಟರ್ ಬದಲಿಸುವ ಕೆಲಸವಾಗುತ್ತದೆ. ಬದಲಿಗೆ ಕೆಳಗಿನ ಪೈಪನ್ನೇ ನಿಧಾನವಾಗಿ ಎಳೆದು ಖಾಲಿ ಮಾಡಿ. ಮೇಲಿನ ಪೈಪ್ ಮಾತ್ರ ಬದಲಿಸುವುದಾದರೆ ಪೂರ್ತಿ ಖಾಲಿ ಮಾಡುವ ಅಗತ್ಯವಿಲ್ಲ, ಎರಡು-ಮೂರು ಲೀಟರ್ ಇಳಿಸಿದರೆ ಸಾಕು.

3. ಕ್ಲ್ಯಾಂಪ್ ಹಿಸುಕಿ ಪೈಪ್ ಮೇಲೆ ಹಿಂದಕ್ಕೆ ಸರಿಸಿ. ಪೈಪನ್ನು ಎಳೆಯುವ ಮೊದಲು ಹಿಡಿದು ತಿರುಚಿ, ಅಂಟು ಬಿಡಲಿ. ಬರದಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಪ್ಲಾಸ್ಟಿಕ್ ಮೂತಿ ಬಿರಿಯುತ್ತದೆ. ಹೇಗೂ ಎಸೆಯುವ ಪೈಪ್ ಅಲ್ವಾ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ. ಬ್ಲೇಡ್ ಮೂತಿಗೆ ಗೀರಬಾರದು, ಆ ಗೀರೇ ಮುಂದಿನ ಸೋರಿಕೆ.

4. ಮೂತಿಯನ್ನು ಚೆನ್ನಾಗಿ ಒರೆಸಿ. ಒಣಗಿದ ಪುಡಿ, ಹಳೆಯ ರಬ್ಬರ್ ಅಂಟಿದ್ದರೆ ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್‌ನಿಂದ ಉಜ್ಜಿ. ಹೊಸ ಪೈಪ್ ಹಾಕಿದರೂ ಸೋರುವ ಕಾರುಗಳಲ್ಲಿ ಬಹುಪಾಲು ಇಲ್ಲೇ ಎಡವಿರುತ್ತಾರೆ. ಬೆರಳಾಡಿಸಿದರೆ ಎಲ್ಲೂ ತಡೆಯಬಾರದು. ಮೂತಿಯಲ್ಲೇ ಬಿರುಕು ಕಂಡರೆ ಪೈಪ್ ಹಾಕಿ ಪ್ರಯೋಜನವಿಲ್ಲ, ರೇಡಿಯೇಟರ್ ಹೋಗಿದೆ.

5. ಕ್ಲ್ಯಾಂಪ್‌ಗಳನ್ನು ಹೊಸ ಪೈಪಿಗೆ ಮೊದಲೇ ತೂರಿಸಿ. ಪೈಪಿನ ತುದಿಯನ್ನು ಬಿಸಿನೀರಲ್ಲಿ ಒಂದು ನಿಮಿಷ ಅದ್ದಿ, ಒಳಗೆ ಒಂದೆರಡು ಹನಿ ಕೂಲಂಟ್ ಸವರಿ. ಎಣ್ಣೆ, ಗ್ರೀಸ್ ಹಚ್ಚಬೇಡಿ, ಈ ರಬ್ಬರಿಗೆ ಅವು ಆಗುವುದಿಲ್ಲ. ಹಳೆಯ ಪೈಪ್ ಯಾವ ಕೋನದಲ್ಲಿತ್ತೋ ಅದೇ ಕೋನದಲ್ಲಿ ಕೊನೆಯವರೆಗೂ ತಳ್ಳಿ. ಬೆಲ್ಟ್‌ಗೆ, ಫ್ಯಾನ್‌ಗೆ ತಾಗಬಾರದು.

6. ಮೂತಿಯ ತುದಿಯಲ್ಲಿ ಸುತ್ತಲೂ ಒಂದು ಉಬ್ಬು ಇರುತ್ತದೆ. ಕ್ಲ್ಯಾಂಪ್ ಅದರ ಹಿಂದೆ ಕೂರಬೇಕು. ಉಬ್ಬಿನ ಮೇಲೆ ಕೂತರೆ ಇವತ್ತು ಹಿಡಿದಂತೆ ಕಂಡು ನಾಳೆ ಜಾರುತ್ತದೆ. ಸ್ಕ್ರೂ ಕ್ಲ್ಯಾಂಪ್ ಆದರೆ ರಬ್ಬರ್ ಪಟ್ಟಿಯ ಸಂದಿಯಿಂದ ಉಬ್ಬುವಷ್ಟು ಬಿಗಿಯಬೇಡಿ.

ಥರ್ಮೋಸ್ಟಾಟ್ ಹಳೆಯದಾಗಿದ್ದು ಕೈಗೆ ಸಿಗುವಂತಿದ್ದರೆ ಇದೇ ಸಮಯದಲ್ಲಿ ಬದಲಿಸುವುದು ಜಾಣತನ. ಹೆಚ್ಚಿನವು 82ರಿಂದ 90 ಡಿಗ್ರಿ ಸುಮಾರಿಗೆ ತೆರೆಯುತ್ತವೆ. ತೆರೆದೇ ಸಿಕ್ಕಿಕೊಂಡರೆ ಚಳಿಗಾಲದಲ್ಲಿ ಎಂಜಿನ್ ಬಿಸಿಯೇ ಆಗುವುದಿಲ್ಲ, ಹೀಟರೂ ಇಲ್ಲ.

ತುಂಬುವುದರ ಲೆಕ್ಕ

ಅರ್ಧ ಗ್ಲೈಕಾಲ್, ಅರ್ಧ ನೀರು ಇದ್ದರೆ ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ನೂರರಲ್ಲಿ 60 ಪಾಲು ಗ್ಲೈಕಾಲ್ ಆದರೆ ಸುಮಾರು ಮೈನಸ್ 52. ಹಾಗಾದರೆ ಪೂರ್ತಿ ಗ್ಲೈಕಾಲೇ ತುಂಬಿದರೆ ಇನ್ನೂ ಒಳ್ಳೆಯದಲ್ವಾ? ಅಲ್ಲ. ಅಪ್ಪಟ ಎಥಿಲೀನ್ ಗ್ಲೈಕಾಲ್ ಮೈನಸ್ 13ಕ್ಕೇ ಹೆಪ್ಪುಗಟ್ಟುತ್ತದೆ. ನೀರು ಮತ್ತು ಗ್ಲೈಕಾಲ್ ಒಂದನ್ನೊಂದು ಹರಳುಗಟ್ಟಲು ಬಿಡದೆ ತಡೆಯುವುದರಿಂದಲೇ ಮಿಶ್ರಣ ಅಷ್ಟು ಕೆಳಗಿನವರೆಗೆ ತಾಳುತ್ತದೆ. ಜೊತೆಗೆ ನೀರಿನಷ್ಟು ಚೆನ್ನಾಗಿ ಗ್ಲೈಕಾಲ್ ಶಾಖ ಒಯ್ಯುವುದಿಲ್ಲ. ಮಿನಿಯಾಪೊಲಿಸ್ ಥರದ ಊರಿಗೆ ಅರ್ಧಕ್ಕರ್ಧ ಸಾಕು. ಅದಕ್ಕಿಂತ ಉತ್ತರಕ್ಕೆ ಇರುವವರು 60ರವರೆಗೆ ಹೋಗಲಿ, 70 ದಾಟಬೇಡಿ.

ಟಿವಿಯವರು ಹೇಳುವ ವಿಂಡ್ ಚಿಲ್ ಮೈನಸ್ 45 ಅಂತ ಕೇಳಿ ಹೆದರಬೇಡಿ. ಗಾಳಿಯ ಕೊರೆತ ನಮ್ಮ ಚರ್ಮಕ್ಕೆ. ನಿಂತ ಕಾರು ಗಾಳಿಯಿಂದ ಬೇಗ ತಣ್ಣಗಾಗಬಹುದು, ಆದರೆ ನಿಜವಾದ ಉಷ್ಣಾಂಶಕ್ಕಿಂತ ಕೆಳಗೆ ಇಳಿಯುವುದಿಲ್ಲ. ಕೂಲಂಟ್ ಲೆಕ್ಕಕ್ಕೆ ಥರ್ಮಾಮೀಟರ್ ಅಂಕಿ ಸಾಕು.

ಈಗ ಒಂದು ಲೆಕ್ಕ. ದಾರಿಯಲ್ಲಿ ಸೋರಿತು ಅಂತ ಒಂದೆರಡು ಸಲ ನೀರು ಸುರಿದಿದ್ದೀರಿ. ಆರು ಲೀಟರಿನಲ್ಲಿ ಗ್ಲೈಕಾಲ್ ಮೂರನೇ ಒಂದು ಪಾಲಿಗೆ ಇಳಿದಿದೆ, ಅಂದರೆ ಎರಡು ಲೀಟರ್. ಇದು ಸುಮಾರು ಮೈನಸ್ 18ಕ್ಕೇ ಹೆಪ್ಪುಗಟ್ಟಲು ಶುರುವಾಗುತ್ತದೆ. ಮೇಲಿನ ಪೈಪ್ ಬದಲಿಸಿ, ಅರ್ಧಕ್ಕರ್ಧ ಬೆರೆಸಿದ ಕೂಲಂಟ್ ಮೇಲೆ ಸ್ವಲ್ಪ ಸುರಿದರೆ ಸರಿಹೋಗುವುದಿಲ್ಲ. ಒಳಗಿನಿಂದ ಒಂದೂವರೆ ಲೀಟರ್ ತೆಗೆಯಬೇಕು. ಅದರ ಜೊತೆ ಅರ್ಧ ಲೀಟರ್ ಗ್ಲೈಕಾಲ್ ಹೋಗುತ್ತದೆ, ಒಂದೂವರೆ ಉಳಿಯುತ್ತದೆ. ಆ ಜಾಗಕ್ಕೆ ಒಂದೂವರೆ ಲೀಟರ್ ಅಪ್ಪಟ ಕೂಲಂಟ್ ಹಾಕಿದರೆ ಒಟ್ಟು ಮೂರು. ಆರರಲ್ಲಿ ಮೂರು, ಅರ್ಧಕ್ಕರ್ಧ.

ಪೂರ್ತಿ ಖಾಲಿ ಮಾಡಿ ಡಿಸ್ಟಿಲ್ಡ್ ನೀರಿನಿಂದ ತೊಳೆದವರಿಗೂ ಒಂದು ಬಲೆ ಇದೆ. ಎಷ್ಟೇ ಇಳಿಸಿದರೂ ಎಂಜಿನ್ ಬ್ಲಾಕ್ ಮತ್ತು ಹೀಟರ್ ಒಳಗೆ ನೀರು ಉಳಿದಿರುತ್ತದೆ. ಅದರ ಮೇಲೆ ಬೆರೆಸಿಟ್ಟ ಕೂಲಂಟ್ ತುಂಬಿದರೆ ಒಟ್ಟು ಮಿಶ್ರಣ ನೀರಾಗುತ್ತದೆ. ಆದ್ದರಿಂದ ಒಟ್ಟು ಅಳತೆಯ ಅರ್ಧದಷ್ಟು, ನಮ್ಮ ಉದಾಹರಣೆಯಲ್ಲಿ ಮೂರು ಲೀಟರ್, ಅಪ್ಪಟ ಕೂಲಂಟ್ ಮೊದಲು ಹಾಕಿ. ಉಳಿದ ಜಾಗಕ್ಕೆ ಎಷ್ಟು ಹಿಡಿಸುತ್ತದೋ ಅಷ್ಟು ಡಿಸ್ಟಿಲ್ಡ್ ನೀರು. ಇನ್ನೊಂದು ಎಚ್ಚರ: ತೊಳೆಯಲು ಬರೀ ನೀರು ತುಂಬಿದ ಕಾರನ್ನು ರಾತ್ರಿಗೆ ಬಿಡಬೇಡಿ. ಊಟಕ್ಕೆ ಅಂತ ಎದ್ದು ಹೋಗಿ, ನಾಳೆ ಮಾಡೋಣ ಅನ್ನಿಸಿದರೆ ಎಂಜಿನ್ ಹೋದಂತೆ. ನನ್ನನ್ನು ಕೇಳಿದರೆ ತೊಳೆಯುವ ಕೆಲಸವನ್ನು ಏಪ್ರಿಲ್‌ಗೆ ಬಿಡಿ.

ನಲ್ಲಿ ನೀರು ಬೇಡ. ಅದರ ಲವಣಗಳು ರೇಡಿಯೇಟರ್ ಒಳಗೆ ಪದರ ಕಟ್ಟುತ್ತವೆ.

ಗಾಳಿ ತೆಗೆಯುವುದು

ಒಳಗೆ ಗಾಳಿ ಗುಳ್ಳೆ ಉಳಿದರೆ ಹೀಟರ್ ತಣ್ಣಗೆ, ಎಂಜಿನ್ ಅಲ್ಲಲ್ಲಿ ಬಿಸಿ. ಬ್ಯಾಟರಿ ತಂತಿ ಮತ್ತೆ ಹಾಕಿ, ಕಾರನ್ನು ಹೊರಗೆ ತಳ್ಳಿ. ಮೂತಿ ಸ್ವಲ್ಪ ಎತ್ತರದಲ್ಲಿ ಇರುವ ಇಳಿಜಾರಿನ ಡ್ರೈವ್‌ವೇ ಇದ್ದರೆ ಅನುಕೂಲ, ಹಿಮ ಕೆರೆದು ಒಣಗಿರಬೇಕು. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಅಡ್ಡ ಇಡಿ. ಕ್ಯಾಪ್ ಜಾಗಕ್ಕೆ ಬಿಗಿಯಾಗಿ ಕೂರುವ ಫನೆಲ್ ಸಿಗುತ್ತದೆ, ಅದರಲ್ಲಿ ಕಾಲು ಭಾಗ ಕೂಲಂಟ್ ಇರುವಂತೆ ನೋಡಿಕೊಳ್ಳಿ. ನಿಮ್ಮ ಕಾರಿನಲ್ಲಿ ಗಾಳಿ ಬಿಡುವ ಬೇರೆ ತಿರುಪು ಇದ್ದರೆ ಕೈಪಿಡಿಯ ಕ್ರಮ ಅನುಸರಿಸಿ.

ಹೀಟರ್ ಉಷ್ಣಾಂಶ ಪೂರ್ತಿ ಬಿಸಿಗೆ, ಗಾಳಿಯ ವೇಗ ಅತಿ ಕಡಿಮೆಗೆ. ಬೇಸಿಗೆಯಲ್ಲಿ ಬರೆದ ಮಾರ್ಗದರ್ಶಿಗಳು ಬ್ಲೋವರ್ ಜೋರಾಗಿಡಿ, ರೇಡಿಯೇಟರ್ ಫ್ಯಾನ್ ಎರಡು ಸಲ ಓಡುವವರೆಗೆ ಕಾಯಿರಿ ಅನ್ನುತ್ತವೆ. ಮೈನಸ್ 15ರಲ್ಲಿ ಹಾಗೆ ಕಾದರೆ ಸಂಜೆಯಾಗುತ್ತದೆ. ಬ್ಲೋವರ್ ಜೋರಾಗಿದ್ದರೆ ಎಂಜಿನ್ನಿನ ಬಿಸಿಯನ್ನೆಲ್ಲ ಹೀರಿಬಿಡುತ್ತದೆ, ಐಡಲ್‌ನಲ್ಲಿ ಥರ್ಮೋಸ್ಟಾಟ್ ತೆರೆಯುವುದಕ್ಕೇ ಬಹಳ ಹೊತ್ತು ಹಿಡಿಯುತ್ತದೆ. ಎಂಜಿನ್ ಸ್ವಲ್ಪ ಬೆಚ್ಚಗಾದ ಮೇಲೆ 2000-2500 ಆರ್‌ಪಿಎಂನಲ್ಲಿ ಹಿಡಿಯಿರಿ. ರೇಡಿಯೇಟರ್ ಮುಂದೆ ರಟ್ಟು ಅಡ್ಡ ಇಟ್ಟರೆ ಇನ್ನೂ ಬೇಗ. ಕೆಲಸ ಮುಗಿದ ಮೇಲೆ ಆ ರಟ್ಟು ಮರೆಯದೆ ತೆಗೆಯಿರಿ. ಗಾಜಿಗೆ ಗಾಳಿ ಬಿಡುವ ಡಿಫ್ರಾಸ್ಟ್ ಹಾಕಿದರೆ ಎಸಿ ಜೊತೆಗೆ ರೇಡಿಯೇಟರ್ ಫ್ಯಾನೂ ಓಡಬಹುದು, ಅದನ್ನು ನೋಡಿ ಎಂಜಿನ್ ಬಿಸಿಯಾಯಿತು ಅಂದುಕೊಳ್ಳಬೇಡಿ.

ನಿಜವಾದ ಗುರುತು ಬೇರೆ. ಇಷ್ಟು ಹೊತ್ತು ತಣ್ಣಗಿದ್ದ ರೇಡಿಯೇಟರ್ ಪೈಪ್ ಇದ್ದಕ್ಕಿದ್ದಂತೆ ಬಿಸಿಯಾದರೆ ಥರ್ಮೋಸ್ಟಾಟ್ ತೆರೆದಿದೆ. ಫನೆಲ್‌ನಲ್ಲಿ ದೊಡ್ಡ ಗುಳ್ಳೆಗಳು ಏಳುತ್ತವೆ, ಮಟ್ಟ ದಬಕ್ಕನೆ ಇಳಿಯುತ್ತದೆ. ಇನ್ನಷ್ಟು ಸುರಿಯಿರಿ. ದಪ್ಪ ಗ್ಲೌಸ್ ಹಾಕಿಕೊಂಡು ಪೈಪನ್ನು ಮೆಲ್ಲಗೆ ಹಿಸುಕಿ, ಸಿಕ್ಕಿಕೊಂಡ ಗಾಳಿ ಹೊರಡುತ್ತದೆ. ಗುಳ್ಳೆ ನಿಂತು, ಐಡಲ್‌ನಲ್ಲೂ ಹೀಟರ್ ಒಂದೇ ಸಮ ಬಿಸಿ ಗಾಳಿ ಕೊಟ್ಟರೆ ಆಯಿತು. ಈ ಹೊತ್ತೆಲ್ಲ ಮುಳ್ಳಿನ ಮೇಲೆ ಒಂದು ಕಣ್ಣಿರಲಿ. ಮಧ್ಯ ದಾಟಿ ಏರಿದರೆ ಆಫ್ ಮಾಡಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಫನೆಲ್ ತೆಗೆದು ಕ್ಯಾಪ್ ಹಾಕಿ, ಪಕ್ಕದ ಟ್ಯಾಂಕಿನಲ್ಲಿ ಮಟ್ಟ ಕೆಳಗೆರೆ ಮೇಲ್ಗೆರೆ ನಡುವೆ ಇರುವಂತೆ ತುಂಬಿ.

ಹತ್ತು ನಿಮಿಷ ಓಡಿಸಿ ಬಂದು, ತಣ್ಣಗಾದ ಮೇಲೆ ಒಂದು ಹನಿ ರಿಫ್ರ್ಯಾಕ್ಟೋಮೀಟರ್‌ಗೆ ಹಾಕಿ ನೋಡಿ. ಅದಕ್ಕೂ ಮೊದಲು ಡಿಸ್ಟಿಲ್ಡ್ ನೀರಿನ ಹನಿಯಿಂದ ಶೂನ್ಯಕ್ಕೆ ಹೊಂದಿಸಿಕೊಳ್ಳಿ. ಎಥಿಲೀನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್‌ಗೆ ಬೇರೆ ಬೇರೆ ಪಟ್ಟಿ ಇರುತ್ತದೆ, ನಿಮ್ಮದು ಯಾವುದು ನೋಡಿ ಓದಿ.

ಮಾರನೇ ದಿನ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು, ಮತ್ತೆ ಟಾರ್ಚ್ ಹಿಡಿದು ಅದೇ ಜಾಗ ನೋಡಿ. ಮೊದಲ ವಾರ ಪ್ರತಿ ಬೆಳಿಗ್ಗೆ ಮಟ್ಟ ನೋಡಿ. ಒಂದೆರಡು ದಿನ ಸ್ವಲ್ಪ ಇಳಿಯುವುದು ಸಹಜ, ಉಳಿದ ಗಾಳಿ ಹೊರಬರುತ್ತದೆ. ಆಮೇಲೂ ಇಳಿಯುತ್ತಿದ್ದರೆ ಇನ್ನೊಂದು ಸೋರಿಕೆ ಇದೆ.

ದಾರಿಯಲ್ಲೇ ಸೋರಿದರೆ

ಹೆಪ್ಪುಗಟ್ಟಿದೆ ಅಂತ ಅನುಮಾನ ಬಂದರೆ ಸ್ಟಾರ್ಟ್ ಮಾಡಲೇಬೇಡಿ. ಟ್ಯಾಂಕಿನಲ್ಲಿ ಮಂಜಿನ ಕೆಸರು ಕಂಡರೆ ವಾಟರ್ ಪಂಪ್ ಸಿಕ್ಕಿಕೊಂಡಿರಬಹುದು, ಬೆಲ್ಟ್ ಕಿತ್ತುಹೋಗುತ್ತದೆ. ಟೋ ಮಾಡಿಸಿ ಬೆಚ್ಚಗಿನ ಗ್ಯಾರೇಜಿನಲ್ಲಿ ಕರಗಲು ಬಿಡಿ. ಕರಗಿದ ಮೇಲೆ ಎಲ್ಲೆಲ್ಲಿ ಬಿರಿದಿದೆ ಎಂದು ನೋಡಿದ ನಂತರವೇ ಚಾವಿ ತಿರುಗಿಸಿ.

ಹೆದ್ದಾರಿಯಲ್ಲಿ ಪೈಪ್ ಜಿನುಗಿದರೆ, ಎಂಜಿನ್ ತಣ್ಣಗಾದ ಮೇಲೆ, ತಾನಾಗೇ ಅಂಟುವ ಸಿಲಿಕೋನ್ ಟೇಪ್ ಬಿಗಿಯಾಗಿ ಎಳೆದು ಸುತ್ತಿ, ಕ್ಯಾಪ್ ಸಡಿಲ ಇಟ್ಟು ಒತ್ತಡ ಏರದಂತೆ ನಿಧಾನವಾಗಿ ಹತ್ತಿರದ ಊರು ಸೇರಬಹುದು. ಬೇರೇನೂ ಇಲ್ಲದೆ ನೀರೇ ಸುರಿಯಬೇಕಾಗಿ ಬಂದರೆ ಸುರಿಯಿರಿ, ಆದರೆ ಆ ರಾತ್ರಿ ಕಾರನ್ನು ಹೊರಗೆ ನಿಲ್ಲಿಸುವ ಮೊದಲು ಮೇಲಿನ ಲೆಕ್ಕ ಮಾಡಿ ಸರಿಪಡಿಸಿ. ಚಳಿಗಾಲದಲ್ಲಿ ಡಿಕ್ಕಿಯಲ್ಲಿ ಒಂದು ಡಬ್ಬಿ ಬೆರೆಸಿದ ಕೂಲಂಟ್ ಇಟ್ಟುಕೊಂಡರೆ ಈ ತಾಪತ್ರಯವೇ ಇಲ್ಲ. ಲೇಹ್ ಕಡೆ ಚಳಿಗಾಲದಲ್ಲಿ ಕಾರು ಒಯ್ಯುವವರಿಗೂ ಇದೇ ಮಾತು. ಬೆಂಗಳೂರಿನಲ್ಲಿ ತುಂಬಿಸಿಕೊಂಡ ನೀರು ಜಾಸ್ತಿ ಇರುವ ಮಿಶ್ರಣ ಅಲ್ಲಿ ಒಂದೇ ರಾತ್ರಿಗೆ ಗಟ್ಟಿಯಾಗಬಹುದು, ಹೊರಡುವ ಮೊದಲೇ ಅಳೆಸಿ.

ಅಂಗಡಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ಪುಡಿ, ದ್ರವಗಳ ಬಗ್ಗೆ ಕೇಳುತ್ತೀರಿ. ನಾನು ಹಾಕುವುದಿಲ್ಲ. ಸಣ್ಣ ತೂತು ಮುಚ್ಚುವ ವಸ್ತು ಹೀಟರ್ ಕೋರ್‌ನ ಸಣ್ಣ ನಾಳಗಳನ್ನೂ ಮುಚ್ಚಬಲ್ಲದು. ಕ್ಲ್ಯಾಂಪ್ ಉಳಿಸಲು ಹೋಗಿ ಡ್ಯಾಶ್‌ಬೋರ್ಡ್ ಬಿಚ್ಚಿಸುವುದು ಯಾವ ಲೆಕ್ಕ? ಮಾರುವ ಹಳೆಯ ಕಾರಿಗೆ ಹಾಕಿ ದಾಟಿಸುವುದಂತೂ ಸರಿಯೇ ಅಲ್ಲ.

ಹಳೆಯ ಕೂಲಂಟ್ ಏನು ಮಾಡಬೇಕು

ಹಿಮದ ಮೇಲೆ ಚೆಲ್ಲಬೇಡಿ, ರಸ್ತೆ ಪಕ್ಕದ ಚರಂಡಿಗೂ ಬೇಡ. ಆ ಚರಂಡಿಯ ನೀರು ಕೆರೆ ನದಿಗೆ ನೇರ ಹೋಗುತ್ತದೆ. ಖಾಲಿಯಾದ ಕೂಲಂಟ್ ಡಬ್ಬಿಗೇ ತುಂಬಿ, ಮುಚ್ಚಳ ಬಿಗಿದು, ಮೇಲೆ 'ಹಳೆಯ ಕೂಲಂಟ್' ಅಂತ ಅಲ್ಲಿನ ಜನಕ್ಕೆ ಓದಲು ಬರುವ ಭಾಷೆಯಲ್ಲಿ ಬರೆಯಿರಿ. ಎಂಜಿನ್ ಆಯಿಲ್ ಜೊತೆ ಬೆರೆಸಬೇಡಿ, ಬೆರೆಸಿದರೆ ಎರಡನ್ನೂ ಮರುಬಳಕೆ ಮಾಡಲು ಆಗುವುದಿಲ್ಲ. ಅಮೆರಿಕದಲ್ಲಿ ಕೌಂಟಿಗಳು ಮನೆಯ ಅಪಾಯಕಾರಿ ಕಸ ತೆಗೆದುಕೊಳ್ಳುವ ಕೇಂದ್ರ ನಡೆಸುತ್ತವೆ. ಮಿನಿಯಾಪೊಲಿಸ್ ಇರುವ ಹೆನಪಿನ್ ಕೌಂಟಿಗೆ ಬ್ಲೂಮಿಂಗ್ಟನ್ ಮತ್ತು ಬ್ರೂಕ್ಲಿನ್ ಪಾರ್ಕ್‌ನಲ್ಲಿ ಅಂಥ ಕೇಂದ್ರಗಳಿವೆ. ಚಳಿಗಾಲದಲ್ಲಿ ತೆರೆದಿರುವ ದಿನ, ಹೊತ್ತು ನೋಡಿಕೊಂಡು ಹೋಗಿ. ಅಲ್ಲಿಯವರೆಗೆ ಡಬ್ಬಿ ಮಕ್ಕಳಿಗೆ ಎಟುಕದ ಎತ್ತರದ ಕಪಾಟಿನಲ್ಲಿರಲಿ.